ಪಾಕ ನೋಡುವವನ ಮುಂಗೈ

ಬಸರಾಳಿನ ನನ್ನ ಉಪಕೇಂದ್ರಕ್ಕೆ ಮೊಗಣ್ಣ ಬಂದದ್ದು
ಮಧ್ಯಾಹ್ನ ಮೂರಕ್ಕೆ, ಮುಂಗೈಗೆ ಟೂತ್‌ಪೇಸ್ಟ್ ಬಳಿದುಕೊಂಡು,
ಮೇಲೆ ಹೆಂಡತಿ ಸುತ್ತಿದ ಬಾಳೆಲೆ.
ಆಲೆಮನೆಯಲ್ಲಿ ಪಾಕ ಎಗರಿತಂತೆ.
'ಒಂದ್ ತೊಟ್ಟು ಕಣವ್ವ, ಬರೀ ಒಂದ್ ತೊಟ್ಟು.'

ನಲ್ಲಿ ಬಿಟ್ಟೆ. ಕೈ ಹಿಡಿ ಎಂದೆ. ಇಪ್ಪತ್ತು ನಿಮಿಷ.
ಮೊದಮೊದಲು ನಕ್ಕ.
ಆಮೇಲೆ, ನಾಲೆ ನಿಂತು ತಿಂಗಳಾಯ್ತು,
ನೀರು ಹಿಂಗೆ ಪೋಲು ಮಾಡ್ತಾರಾ ಎಂದು ಬೈದ.
ಆಮೇಲೆ ಸುಮ್ಮನಾದ.

ಬಿಳಿಯೆಲ್ಲ ತೊಳೆದುಹೋದ ಮೇಲೆ ಕಂಡಿತು:
ನೆನೆಸಿಟ್ಟ ಅವರೆಕಾಳು,
ಹಿತುಕಿದರೆ ಈಗಲೇ ಸಿಪ್ಪೆ ಬಿಡುವಷ್ಟು ಉಬ್ಬಿ.
'ಹಿತುಕ್ಬುಡ್ಲಾ?'
ಬೇಡ.
'ಒಳಗೇನೈತೆ?'
ನೀರು. ನಿಂದೇ.
ಅದರ ಕೆಳಗೆ ಹೊಸ ಚರ್ಮ ಮಲಗಿದೆ,
ಗಾಳಿ ಸೋಕಬಾರದ ಬಾಣಂತಿ ಹಾಗೆ.
ಬಾಗಿಲು ನೀನು ತೆಗೀಬೇಡ.

ಬೊಬ್ಬೆ ಅಂತೀವಿ ಇದನ್ನ. ಕೂಗಿಗೂ ಅದೇ ಹೆಸರು.
ಅವನು ಕೂಗಿರಲಿಲ್ಲ.
ಕೊಪ್ಪರಿಗೆ ಹದಕ್ಕೆ ಬಂದಿತ್ತಂತೆ,
ಆಳುಗಳು ಇತ್ತ ತಿರುಗಿದ್ದರೆ ತಳ ಹಿಡಿಯುತ್ತಿತ್ತಂತೆ.

'ಮೂವತ್ತು ವರ್ಸ ಗುಳ್ಳೆ ನೋಡೇ ಬದುಕಿವ್ನಿ.
ಮೊದ್ಲು ಸಾಸ್ವೆಯಂಗೆ, ಆಮ್ಯಾಕೆ ಕಡ್ಲೆಯಂಗೆ,
ಕೊನೇಗೆ ಎತ್ತಿನ ಕಣ್ಣಂಗೆ ಬತ್ತದೆ. ಆಗ ಇಳಿಸ್ಬೇಕು.
ಒಂದ್ ಗಳಿಗೆ ಮುಂಚೆ ಇಳಿಸಿದ್ರೆ ಅಚ್ಚು ಕೂರಲ್ಲ.'
ಹಾಗಾದರೆ ಇದನ್ನೂ ನೋಡುತ್ತಿರು ಎಂದೆ,
ಗಾಜು ಬಟ್ಟೆ ಸಡಿಲವಾಗಿ ಸುತ್ತುತ್ತ.
ಇದೂ ಹದ ಬಂದಾಗ ಇಳಿಯುತ್ತೆ.
ಕೀವು ಕಂಡರೆ, ಸುತ್ತ ಕೆಂಪು ಹಬ್ಬಿದರೆ, ಜ್ವರ ಬಂದರೆ
ಇಲ್ಲಿಗೂ ಬರಬೇಡ, ನೇರ ಮಂಡ್ಯದ ದೊಡ್ಡಾಸ್ಪತ್ರೆ.
ಟಿಟಿ ಚುಚ್ಚಿದೆ. ಅದಕ್ಕೆ ಕೂಗಿದ.

ಹನ್ನೆರಡು ದಿನ ಬಿಟ್ಟು ಬಂದ,
ಪೇಪರಿನಲ್ಲಿ ಸುತ್ತಿದ ಬಿಸಿ ಆರದ ಬೆಲ್ಲ.
ಕಪ್ಪು ಮುಂಗೈಯಲ್ಲಿ ಸೀಬೆಹಣ್ಣಿನ ತಿರುಳಿನಷ್ಟು ನಸುಗೆಂಪು,
ಯಾರದೋ ಮಗುವಿನ ಚರ್ಮ ಕಡ ತಂದ ಹಾಗೆ.
ಬಿಸಿಲಿಗೆ ಒಡ್ಡಬೇಡ ಎನ್ನುತ್ತ
ಬೆಲ್ಲ ಒಳಗಿಡಲು ಎದ್ದೆ.
'ಯಾಕವ್ವ ಕುಂಟ್ತೀಯ?'

ಹೊಸ ಚಪ್ಪಲಿ. ಮನೆಮನೆ ಲಸಿಕೆಯ ವಾರ.
ಹಿಮ್ಮಡಿಯಲ್ಲಿ ಎದ್ದದ್ದನ್ನು ಅದೇ ರಾತ್ರಿ
ಸೀರೆಯ ಪಿನ್ನು ತೆಗೆದು, ದೀಪಕ್ಕೂ ಹಿಡಿಯದೆ,
ಚುಚ್ಚಿಬಿಟ್ಟಿದ್ದೆ. ನಾನು.
ಮೇಲಿನ ಸಿಪ್ಪೆಯನ್ನೂ ಕಿತ್ತಿದ್ದೆ.

ಮೊಗಣ್ಣ ಬಗ್ಗಿ ನೋಡಿದ,
ಕೊಪ್ಪರಿಗೆಗೆ ಬಗ್ಗುವಂತೆ, ಕಣ್ಣು ಕಿರಿದು ಮಾಡಿ.
ಏನೂ ಅನ್ನಲಿಲ್ಲ.
ಎದ್ದು ಹೋಗಿ ನಲ್ಲಿ ಬಿಟ್ಟ.