ಇಪ್ಪತ್ತಮೂರನೆಯ ಕಾರ್ಡು

ಸುಂಟಿಕೊಪ್ಪದ ಬಸ್‌ಸ್ಟ್ಯಾಂಡ್ ಎದುರು
ನನ್ನದೊಂದು ಜೆರಾಕ್ಸ್ ಅಂಗಡಿ.
ಪರಿಹಾರದ ದುಡ್ಡಲ್ಲಿ ಕೊಂಡ ಯಂತ್ರ.

ಬರೆ ಜರಿದ ವರ್ಷ
ಹಟ್ಟಿಹೊಳೆಯ ಮೇಲೆ ನಮ್ಮ ಮನೆ ಹೋಯಿತು,
ಟ್ರಂಕಿನೊಳಗಿನ ಪಹಣಿ, ಮಾರ್ಕ್ಸ್‌ಕಾರ್ಡು ಹೋದವು,
ಅಪ್ಪನ ಮರಣಪತ್ರವೂ ಹೋಯಿತು.
ಸತ್ತವನು ಸತ್ತಿದ್ದಾನೆನ್ನಲೂ ಸಾಕ್ಷಿಯಿಲ್ಲದೆ
ಶಿಬಿರದ ಮೇಜಿನೆದುರು ನಿಂತಿದ್ದೆ.
‘ನೀವು ಯಾರು ಅಂತ ಹೇಗೆ ನಂಬೋದಮ್ಮ?’
ಹಟ್ಟಿಹೊಳೆ ದೇಚಕ್ಕನ ಮಗಳು, ಅಂದೆ.
‘ದೇಚಕ್ಕ ಯಾರು?’ ಅಂದರು.

ಆಮೇಲೆ ತಡೆಗೋಡೆ ಕಟ್ಟುವವರು ಬಂದರು.
ಮಾದಾಪುರ ರಸ್ತೆಯ ತಿರುವಿನಲ್ಲಿ
ನೀಲಿ ತಗಡಿನ ಶೆಡ್ಡು,
ಹೊರಗಿನಿಂದ ಚಿಲಕ.
ಭಾನುವಾರದ ಸಂತೆಗೆ ಊರೆಲ್ಲ ಬಂದರೂ
ಅವರು ಬರಲಿಲ್ಲ.
ಹಿಂದಿ ಬಾರದ ನಾನು, ಕನ್ನಡ ಬಾರದ ಅವರು,
ಹಾಗಾಗಿ ಯಾರೂ ಏನೂ ಕೇಳಲಿಲ್ಲ.
ನಾನೂ ಕೇಳಲಿಲ್ಲ. ಎರಡು ಮಳೆಗಾಲ.

ಕಕ್ಕಡದ ಒಂದು ಬೆಳಿಗ್ಗೆ,
ರಾತ್ರಿ ಐದಿಂಚು ಹೊಡೆದು ಮಳೆ ಉಸಿರು ಬಿಟ್ಟಾಗ,
ಮೇಸ್ತ್ರಿ ಬಂದ.
ಒಳ್ಳೆಯ ಮಾತಿನವನು, ಅಕ್ಕಾ ಅನ್ನುತ್ತಾನೆ,
ನನ್ನ ಮಗನಿಗೆ ಚಿಕ್ಕಿ ತರುತ್ತಾನೆ.
ರಬ್ಬರ್ ಬ್ಯಾಂಡ್ ಸುತ್ತಿದ ಆಧಾರ್ ಕಾರ್ಡು ಇಪ್ಪತ್ತಮೂರು.
‘ಒಂದೊಂದು ಪ್ರತಿ. ಬಿಲ್ಲಿಗೆ ಬೇಕು.’
ಒರಿಜಿನಲ್ಲು ಅವರ ಹತ್ತಿರ ಇರೋದಿಲ್ವಾ?
‘ಕೊಟ್ಟರೆ ಕಳೀತಾರೆ ಅಕ್ಕಾ. ಓಡಿಯೂ ಹೋಗ್ತಾರೆ.
ತಲೆಗೆ ಇಪ್ಪತ್ತು ಸಾವಿರ ಮುಂಗಡ,
ರೈಲು ಚಾರ್ಜು, ಅಕ್ಕಿ, ಶೆಡ್ಡಿನ ಬಾಡಿಗೆ...
ಎಲ್ಲಾ ಬುಕ್ಕಲ್ಲಿ ಬರೆದಿದೀನಿ.’

ಗಾಜಿನ ಮೇಲೆ ಮುಖಗಳು ಕವುಚಿ ಮಲಗಿದವು.
ಹಸಿರು ಬೆಳಕು ಒಬ್ಬೊಬ್ಬರನ್ನೇ ತಡವಿ ಹೋಯಿತು.
ಕೊನೆಯದು ಫೂಲೋ ಕಿಸ್ಕು, ದುಮ್ಕಾ ಜಿಲ್ಲೆ.
ಹುಟ್ಟಿದ್ದು ಎರಡು ಸಾವಿರದ ಇಸವಿ.
ಕಾರ್ಡಿನಲ್ಲಿ ಸರಿಯಾಗಿಯೇ ಕಂಡದ್ದು
ಪ್ರತಿಯಲ್ಲಿ ಕಪ್ಪಗೆ ಎದ್ದುಬಂತು:
ಕೊನೆಯ ಸೊನ್ನೆಯ ಸುತ್ತ
ಬ್ಲೇಡು ಕೆರೆದ ಗೀರು,
ಗೀರಿನಡಿ ಎಂಟರ ಸೊಂಟ.

ಟೋನರ್ ಮುಗೀತು, ಅಂದುಬಿಟ್ಟೆ.
ಮಡಿಕೇರಿಯಿಂದ ಬರಬೇಕು. ಸಂಜೆ ಬನ್ನಿ.
ಸುಳ್ಳು ಹೇಳಿ ಅಭ್ಯಾಸವಿಲ್ಲ, ಕಿವಿ ಬಿಸಿಯಾಯಿತು.
ಅವನು ಗಡಿಯಾರ ನೋಡಿ, ನನ್ನನ್ನು ನೋಡಿ,
ಬ್ಯಾಂಕಿಗೆ ಓಡಿದ.

ಫೋನು ಮಾಡಿದೆ. ಕನ್ನಡಕ್ಕೆ ಒಂದು ಒತ್ತಿ, ಒತ್ತಿದೆ.
ಇನ್ನೊಂದು ಕಚೇರಿಗೆ ಮಾಡಿ ಅಂದರು, ಮಾಡಿದೆ.
‘ದೂರು ಕೊಡೋಕೆ ನೀವು ಯಾರು? ನಿಮಗೇನು ಸಂಬಂಧ?’
ಮತ್ತೆ ಅದೇ ಮೇಜು.
ಜೆರಾಕ್ಸ್ ಅಂಗಡಿಯವಳು ಸಾರ್, ಅಂದೆ.
ಬರ್ತೀವಿ ಅಂದರು.

ಕಾಯಲಿಲ್ಲ. ಮೊಯ್ದು ಕಾಕನ ಆಟೊ ಹತ್ತಿದೆ.
ಗೋಡೆಯ ಬುಡದಲ್ಲಿ ಊಟದ ಹೊತ್ತು,
ಸಿಮೆಂಟಿನ ಬಕೆಟ್ಟು ಬೋರಲು ಹಾಕಿ ಕೂತಿದ್ದರು.
ಶಿಬಿರದಲ್ಲಿ ಅನ್ನಕ್ಕೆ ನಮ್ಮನ್ನು ಕರೆದ ಹಾಗೆ
ಹೆಸರು ಕೂಗತೊಡಗಿದೆ.
ಒಬ್ಬ ಕೈ ಒರೆಸಿಕೊಂಡು ಎದ್ದ.
ಒಬ್ಬ ಕಾರ್ಡನ್ನು ಬನಿಯನ್ನಿಗೆ ತುರುಕಿ
ಮತ್ತೆ ತೆಗೆದು ತನ್ನ ಮುಖ ತಾನೇ ನೋಡಿದ.
ನನ್ನ ತಪ್ಪು ಉಚ್ಚಾರಕ್ಕೆ ಒಬ್ಬಳು ನಕ್ಕಳು.
ಆ ನಗು ಇನ್ನೂ ಕಿವಿಯಲ್ಲಿದೆ.

ಫೂಲೋ ಕಿಸ್ಕು, ಅಂದೆ.
ಯಾರೂ ಏಳಲಿಲ್ಲ.
ಇನ್ನೊಮ್ಮೆ ಅಂದೆ.
ನಕ್ಕವಳು ಬಾಯಿ ಮುಚ್ಚಿ ಕೈ ಎತ್ತಿ ತೋರಿಸಿದಳು,
ಘಟ್ಟದ ಕೆಳಗೆ, ಮಂಜು ತುಂಬಿದ ಕಡೆ.
ಆಟೊ ಬಾಗಿಲಲ್ಲಿ ಕಾಕ ತನ್ನ ಹರಕು ಹಿಂದಿಯಲ್ಲಿ ಕೇಳಿ ಹೇಳಿದರು:
‘ಎಂಟು ದಿನ ಆಯ್ತಂತೆ. ಜೀಪಿನಲ್ಲಿ. ಮನೆಕೆಲಸಕ್ಕೆ ಅಂದ್ರಂತೆ.’

ಸಂಜೆ ಜೀಪು ಬಂತು, ಅಧಿಕಾರಿಗಳದ್ದು.
ಶೆಡ್ಡಿನ ಚಿಲಕ ಕಿತ್ತರು, ಬುಕ್ಕು ಹಿಡಿದರು,
ಮೇಸ್ತ್ರಿ ನನ್ನತ್ತ ನೋಡಿ ಅಕ್ಕಾ ಅನ್ನಲಿಲ್ಲ.
ಅವನ ಮೇಲಿನವನ ಹೆಸರು ಬುಕ್ಕಿನಲ್ಲಿರಲಿಲ್ಲ.
ಕೂಲಿ ಬಾಕಿ ಬಂತು, ಅರ್ಧ.
ಹನ್ನೊಂದು ಜನ ಊರಿಗೆ ಹೋದರು,
ಉಳಿದವರು ಕಾರ್ಡು ಜೇಬಿನಲ್ಲಿಟ್ಟು
ಅದೇ ಗೋಡೆ ಕಟ್ಟುತ್ತಿದ್ದಾರೆ. ಭಾನುವಾರ ಸಂತೆಗೆ ಬರುತ್ತಾರೆ.

ಇಪ್ಪತ್ತಮೂರನೆಯದನ್ನು ಪೊಲೀಸರಿಗೆ ಕೊಟ್ಟೆ.
ಕೊಡುವ ಮೊದಲು ಯಂತ್ರಕ್ಕೆ ಹಾಕಿದೆ,
ನೂರು ಪ್ರತಿ.
ಮಂಗಳೂರಿಗೆ ಹೋಗುವ ಲಾರಿಯವರಿಗೆ,
ಕಂಡಕ್ಟರಿಗೆ, ಆಸ್ಪತ್ರೆಯ ಸಿಸ್ಟರಿಗೆ,
ಇವಳು ಯಾರು ಎಂದು ಕೇಳಿದವರಿಗೆಲ್ಲ
ಒಂದೊಂದು ಕೊಡುತ್ತೇನೆ,
ಇಸವಿಯ ಮೇಲೆ ಆ ಕಪ್ಪು ಗೀರಿನ ಸಮೇತ.

ದುಡ್ಡು ತಗೊಳ್ಳುವುದಿಲ್ಲ.