ಮೂರನೇ ಕೊಳವೆ

ಕಲ್ಯಾಣದ ರೈಲ್ವೆ ಕ್ವಾರ್ಟರ್ಸಿನ ಫ್ರಿಜ್ಜಿನೊಳಗೆ
ಮೆಂತ್ಯದ ಕಟ್ಟಿನ ಹಿಂದೆ, ನನ್ನ ಉಗುಳು.
ಹಾಲಿನ ಪಕ್ಕ ಎಂಜಲು ಬ್ಯಾಡ ಅಂತ
ನೀಲಾಂಬಿಕಾ ಅದಕ್ಕೆ ಮರಾಠಿ ಪೇಪರು ಸುತ್ತಿ
ಕೆಳಗಿನ ಖಾನೆಗೆ ಇಳಿಸಿದ್ದಾಳೆ.

ದಿನಕ್ಕೆ ನಾಲ್ಕು ಕೊಳವೆ, ಮೂರು ದಿನ.
ಹತ್ತಿಯ ತುಂಡು ನಾಲಗೆಯಡಿ ಎರಡು ನಿಮಿಷ,
ಕೈ ತಾಗದಂತೆ ಮತ್ತೆ ಕೊಳವೆಗೇ ಉಗುಳಬೇಕು.
ಮೋಟರ್‌ಮನ್‌ಗಳ ಮೈಯ ಗಡಿಯಾರ ನೋಡುತ್ತಾರಂತೆ.
‘ಎದ್ದಾಗ ಏರುತ್ತೆ, ಮಲಗುವಾಗ ಇಳಿಯುತ್ತೆ,
ಉಗುಳಿನಲ್ಲಿ ಎಲ್ಲ ಬರೆದಿರುತ್ತೆ ಕಾಕಾ’ ಅಂದಳು
ಪರಳಿನಿಂದ ಬಂದ ಹುಡುಗಿ, ಮೃಣ್ಮಯಿ ಕರಂದೀಕರ.
‘ಬಾಯಿ ಒಣಗಿದರೆ ನಿಂಬೆ ನೆನೆಯಿರಿ. ತಿನ್ನಬೇಡಿ, ನೆನೆಯಿರಿ.’

ನಗು ಬಂತು.
ಇಪ್ಪತ್ತೆರಡು ವರ್ಷ ಈ ಕ್ಯಾಬಿನ್ನಿನಲ್ಲಿ
ಉಗುಳು ನುಂಗಿಕೊಂಡೇ ಕೂತವನು ನಾನು:
ಹಳದಿ ಸಿಗ್ನಲ್ಲಿಗೆ, ಸಾಹೇಬರ ಮಾತಿಗೆ,
ಹಳಿ ದಾಟುವ ಸ್ಕೂಲಿನ ಮಕ್ಕಳಿಗೆ.
ನುಂಗಿದ್ದನ್ನೆಲ್ಲ ಈಗ ತಾ ಅಂದರೆ?

ಎರಡನೇ ದಿನ ಸಂಜೆ ಪಾಳಿ.
ಭಾಂಡುಪ್ ದಾಟಿ ನಾಹೂರ್ ಬರುವ ಮೊದಲು
ಒಬ್ಬ, ಬಿಳಿ ಅಂಗಿ, ಕೈಯಲ್ಲಿ ಟಿಫಿನ್ ಚೀಲ,
ಹಾರ್ನಿಗೆ ತಿರುಗಿದ.
ಯಾರೋ ಹೆಸರು ಹಿಡಿದು ಕರೆದ ಹಾಗೆ ತಿರುಗಿದ.

ಗಾರ್ಡಿಗೆ ಹೇಳಿದೆ. ಮೆಮೋ ಬರೆದೆ.
ಹದಿನಾಲ್ಕು ನಿಮಿಷ ತಡವಾಗಿ ಗಾಡಿ ಕಲ್ಯಾಣ ಮುಟ್ಟಿಸಿದೆ.
ಲಾಬಿಯ ಬೆಂಚಿನ ಮೇಲೆ ಕೊಳವೆ ಬಿಚ್ಚಿದೆ,
ಯಾಕೆ ಬಿಚ್ಚಿದೆನೋ. ಏಳೂವರೆ ಆಗಿತ್ತು, ಅದಕ್ಕೇ.
ಹತ್ತಿ ನಾಲಗೆಗೆ ಸುಣ್ಣದಂತೆ ಅಂಟಿತು.
ನಿಂಬೆ ನೆನೆದೆ. ಶಹಾಬಾದಿನ ಶಾಲೆಯ ಹಿಂದಿನ
ಹುಣಸೆಕಾಯಿ ನೆನೆದೆ, ಹರಳುಪ್ಪು ನೆನೆದೆ.
ಎರಡಲ್ಲ, ಹನ್ನೊಂದು ನಿಮಿಷ.
ಹಾಕಿದ ಹಾಗೇ, ಒಣಗಿದ ಹಾಗೇ
ಹೊರಬಂತು ಹತ್ತಿ.

ಫಾರ್ಮಿನಲ್ಲೊಂದು ಸಾಲು: ‘ಇಂದು ವಿಶೇಷ ಘಟನೆ?’
ಮನೆಯಲ್ಲಿ ಮದುವೆಯೇ ಎಂದು ಕೇಳಿದ ಹಾಗಿತ್ತು.
ಅಡ್ಡಗೆರೆ ಎಳೆದೆ.

ತಿಂಗಳ ಮೇಲೆ ನಕ್ಷೆ ತಂದಳು.
ಏರು, ಇಳಿತ, ಕಸಾರಾ ಘಾಟಿನ ಹಾಗೆ;
ಒಂದೆಡೆ ಗೆರೆ ಕಡಿದು, ಆಚೆ ಮತ್ತೆ ಶುರು.
‘ಮಾದರಿ ಸಾಲದು’ ಅಂತ ಸಣ್ಣಕ್ಷರ.
‘ಆವತ್ತು ಮರೆತಿರಾ ಕಾಕಾ?’
ಹೂಂ ಅಂದೆ. ಚಹಾ ಕುಡಿದು ಹೋದಳು.

ನಿನ್ನೆ ಠಾಣೆಯ ಪ್ಲಾಟ್‌ಫಾರ್ಮಿನ ತುದಿಯಲ್ಲಿ
ಮುದುಕಿಯೊಬ್ಬಳು ಮಾವಿನಕಾಯಿ ಹೆಚ್ಚಿ ಖಾರ ಸವರುತ್ತಿದ್ದಳು.
ಗಾಡಿ ನಿಲ್ಲುವುದು ಅರೆ ನಿಮಿಷ.
ಬಾಯಿ ತುಂಬ ನೀರು.
ಕೊಳವೆ ಇರಲಿಲ್ಲ.
ಹಿಂದಿನಿಂದ ಗಾರ್ಡಿನ ಗಂಟೆ ಎರಡು ಬಡಿಯಿತು.
ನುಂಗಿ, ಹ್ಯಾಂಡಲ್ ತಿರುಗಿಸಿದೆ.