ಈ ಯಂತ್ರದೊಳಗೆ ಮಾತ್ರ

ಬೈತಖೋಲದ ಐಸ್ ಫ್ಯಾಕ್ಟರಿಯ ಮೇಲೊಂದು ಕೋಣೆ.
ಹನ್ನೊಂದು ಮಕ್ಕಳು, ಏಳು ಕಂಪ್ಯೂಟರು,
ಅದರಲ್ಲೊಂದು ಬೆಳಿಗ್ಗೆ ಮಾತ್ರ ಎಚ್ಚರಿರುತ್ತದೆ.
ಏಪ್ರಿಲ್ ಹದಿನೈದರಿಂದ ಮೇ ಮೂವತ್ತು,
ಫೀಸು ಆರುನೂರು, ಎರಡು ಕಂತು.
ಬೋರ್ಡು ಬರೆದವನು ವೆಬ್ಬನ್ನು 'ವೇಬ್' ಮಾಡಿದ,
ತಿದ್ದಲು ಮತ್ತೆ ದುಡ್ಡು ಕೇಳಿದ.
ಇರಲಿ ಎಂದು ಬಿಟ್ಟೆ.

ಕೆಳಗೆ ಮಂಜುಗಡ್ಡೆ ಪುಡಿಯಾಗುವ ಸದ್ದು.
ಅದರ ಮೇಲೆ ನನ್ನ ಕಿರುಚಾಟ:
ವೇರಿಯಬಲ್ ಅಂದರೆ ಡಬ್ಬಿ. ಡಬ್ಬಿಗೊಂದು ಹೆಸರು.
ಒಳಗಿನದು ಬದಲಾಗಬಹುದು, ಹೆಸರು ಹಾಗೇ.
"ನಮ್ಮ ಬೋಟು ಹಂಗಲ್ಲ ಟೀಚರ್," ಅಂದ ರೋಶನ್ ತಾಂಡೇಲ,
"ಒಳಗಿದ್ದವರು ಅವರೇ.
ಕೈ ಬದಲಾದ ಮೇಲೆ
ಹೆಸರಿಗೆ ಮಾತ್ರ ಬಣ್ಣ ಬಳಿದ್ರು."
ನನ್ನ ಡಿಪ್ಲೊಮಾದಲ್ಲಿ ಇದಕ್ಕೆ ಪಾಠ ಇರಲಿಲ್ಲ.

ಮೂರನೆಯ ದಿನ ಅಫ್ತಾಬ ನಿಲ್ಲದ ಲೂಪು ಬರೆದ.
ಪರದೆ ತುಂಬ ಅವನದೇ ಹೆಸರು, ಮೇಲೆ ಮೇಲೆ ಓಡಿತು.
ಉಳಿದವರು ಚಪ್ಪಾಳೆ ತಟ್ಟಿದರು,
ಅವನು ಬೆವರಿ ಪ್ಲಗ್ಗಿಗೆ ಕೈಹಾಕಿದ.
ತಡಿ, ಕಂಟ್ರೋಲ್ ಹಿಡಿದು ಸಿ ಒತ್ತು, ಎಂದೆ.
ಒತ್ತಿದ.
ಪರದೆ ಕಪ್ಪಾಯಿತು, ಫ್ಯಾನು ನಿಂತಿತು,
ಕೆಳಗೆ ಮಂಜಿನ ಯಂತ್ರ ನಿಂತಿತು,
ಇಡೀ ಧಕ್ಕೆ ಮೌನವಾಯಿತು.
ಕರೆಂಟು ಹೋದದ್ದು ಅಂತ ಎಷ್ಟು ಹೇಳಿದರೂ
ಹುಡುಗ ಸಂಜೆವರೆಗೆ ತನ್ನ ಬೆರಳನ್ನೇ ನೋಡಿಕೊಂಡು ಕೂತ.

ಪ್ರಣಿತಾ ಹರಿಕಂತ್ರ ಹೆಚ್ಚು ಮಾತಾಡುವವಳಲ್ಲ.
ಒಂದು ಅರ್ಧವಿರಾಮ ಬಿಟ್ಟುಹೋಗಿ ಪುಟ ಕೆಮ್ಮಿದರೆ
ತಾರ್ಲೆಯ ಮುಳ್ಳು ಬಿಡಿಸಿ ರೂಢಿಯಾದ ಬೆರಳು
ತಾನೇ ಸಾಲಿನ ತುದಿಗೆ ಹೋಗಿ ತಡಕುತ್ತದೆ.

ಅವಳು ಕಟ್ಟಿದ ಪುಟ ಅಮ್ಮನ ಬುಟ್ಟಿ:
ಬಂಗಡೆ, ಲೆಪ್ಪೆ, ನೊಗಲಿ, ಶೆಟ್ಲಿ,
ಫೋಟೋದ ಪಕ್ಕ ಇವತ್ತಿನ ದರ.
ಇಸವಾಣದ ಪಕ್ಕ ಮಾತ್ರ ಖಾಲಿ.
"ಅದನ್ನ ಅಮ್ಮ ಮುಖ ನೋಡಿ ಹೇಳೂದು."

ಮುಖ ನೋಡಿ ದರ ಹೇಳುವ ನಿಯಮಕ್ಕೆ
ಎರಡು ದಿನ ಕೂತೆವು.
ಗೋವಾ ಗಾಡಿಯಾದರೆ ಹೀಗೆ,
ಬಾಣಂತಿ ಇರುವ ಮನೆಯಾದರೆ ಹಾಗೆ,
ಮೊನ್ನೆ ಜಗಳಾಡಿ ಇವತ್ತು ಬಂದವರಾದರೆ ಇನ್ನೊಂದು,
ಇಲ್ಲದಿದ್ದರೆ
ಇಲ್ಲದಿದ್ದರೆ
ಇಲ್ಲದಿದ್ದರೆ
ಹದಿನೇಳನೆಯ ಇಲ್ಲದಿದ್ದರೆಗೆ ಇಬ್ಬರೂ ಸೋತು ನಕ್ಕೆವು.
ಒಂದು ಸಾಲು ಮಾತ್ರ ಸಲೀಸು:
ತಿಂಗಳು ಜೂನ್ ಆದರೆ, ಒಣಮೀನು ತೋರಿಸು.

ಕೊನೆಯ ದಿನ ಮನೆಯವರು ಬಂದರು.
ಮಂಕಾಳಿ ಬುಟ್ಟಿಯನ್ನು ಮೆಟ್ಟಿಲಲ್ಲೇ ಇಟ್ಟು
ಕೈಯನ್ನು ಸೆರಗಿಗೆ ಎರಡು ಸಲ ಒರೆಸಿ
ಪರದೆಗೆ ಹತ್ತಿರ ಬಗ್ಗಿದಳು.
ಅಕ್ಷರ ಬಾರದು, ಮೀನು ಬರುತ್ತದೆ.
"ಈ ಬಂಗಡೆ ನಿನ್ನೇದು. ಕಣ್ಣು ಕೆಂಪಾಗದೆ ನೋಡು."
ಮಗಳು ತಲೆ ತಗ್ಗಿಸಿದಳು.
"ಕಾಜೂಬಾಗದ ಡಾಕ್ಟರಮ್ಮಂಗೆ ಇದು ಕಾಣ್ತದ್ಯಾ ಟೀಚರೇ?"

ಹೌದು ಎನ್ನಲು ಬಾಯಿ ತೆರೆದೆ.
ಮೇಲೆ ವಿಳಾಸದ ಪಟ್ಟಿಯಲ್ಲಿ
ಲೋಕಲ್‌ಹೋಸ್ಟ್ ಅಂತ ಇತ್ತು.
ಇಲ್ಲ ಅಮ್ಮ. ಸದ್ಯಕ್ಕೆ ಈ ಯಂತ್ರದೊಳಗೆ ಮಾತ್ರ.
ಊರಿಗೆಲ್ಲ ಕಾಣಬೇಕಾದರೆ ಜಾಗ ಹಿಡಿಯಬೇಕು,
ವರ್ಷ ವರ್ಷ ಬಾಡಿಗೆ.

ಅವಳಿಗೆ ನಗು ಬಂತು.
"ಮಾರ್ಕೆಟ್ನಲ್ಲೂ ಅದೇ ಅಲ್ವಾ.
ಕುಂತ ಜಾಗಕ್ಕೆ ದಿನಾ ಚೀಟಿ ಹರೀತ್ರು,
ಮೀನು ಹೋಗ್ಲಿ, ಬಿಡ್ಲಿ."
ಸೆರಗಿನ ಗಂಟು ಬಿಚ್ಚಿ, ಎಷ್ಟು ಚೀಟಿಯಾದೀತೆಂದು
ಬೆರಳ ಗೆಣ್ಣಿನಲ್ಲಿ ಎಣಿಸುತ್ತ ಹೋಗಿ
ಅರ್ಧಕ್ಕೆ ನಿಲ್ಲಿಸಿ ಗಂಟು ಕಟ್ಟಿದಳು.
"ಮಳೆಗಾಲ ಮುಗೀಲಿ. ಬೋಟು ಇಳೀಲಿ."

ಮರುದಿನ, ಮೇ ಮೂವತ್ತೊಂದು.
ನಾಳೆಯಿಂದ ಬೋಟು ಬಂದ್.
ವೈರು ಸುತ್ತಲು ಬೇಗ ಬಂದೆ.
ಬಾಗಿಲಲ್ಲಿ ಪ್ರಣಿತಾ ಕಾದಿದ್ದಳು,
ಪೇಪರಿನಲ್ಲಿ ಸುತ್ತಿದ ಒಂದೇ ಒಂದು ಬಂಗಡೆ,
ಕಣ್ಣು ಗಾಜಿನಷ್ಟು ತಿಳಿ.
ನನ್ನ ಮೊಬೈಲಲ್ಲಿ ಫೋಟೋ ತೆಗೆದೆವು,
ಕೆಂಗಣ್ಣಿನದನ್ನು ತೆಗೆದು ಇದನ್ನು ಕೂರಿಸಿದೆವು.
ನೋಡಲು ನಾವಿಬ್ಬರೇ.

ಎಲ್ಲ ಮುಗಿದು, ಮೀನು ಇನ್ನೂ ಮೇಜಿನ ಮೇಲಿತ್ತು.
ಎಷ್ಟೇ ಇದಕ್ಕೆ, ಎಂದೆ.

ಅವಳು ಪರದೆಯ ಕಡೆ ತಿರುಗಲಿಲ್ಲ.
ನನ್ನ ಮುಖ ನೋಡಿದಳು.